6 ಅಡಿಯ ಉಪ್ಪುನೀರಿನ ಟ್ಯಾಂಕ್: ಈ ಪಟ್ಟಿಯಲ್ಲಿ ಯಾವ ಮೀನು ಯಾವುದರ ಜೊತೆ ಬಾಳುತ್ತೆ?

ಉಪ್ಪುನೀರು_ಮೈಸೂರು

ನಮಸ್ಕಾರ. ಟ್ಯಾಂಕ್ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಗಾಜಿನ ಲೆಕ್ಕದಲ್ಲಿ 680 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 560 ಲೀಟರ್ ನೀರು, ಕೆಳಗಿನ ಸಂಪ್‌ನಲ್ಲಿ (ಫಿಲ್ಟರ್ ಇರುವ ತೊಟ್ಟಿ) ಇನ್ನು 140. ಕೊಳೆ ತೆಗೆಯುವ ಸ್ಕಿಮ್ಮರ್, ನೀರು ತಂಪಾಗಿಸುವ ಚಿಲ್ಲರ್ ಎರಡೂ ಇವೆ. ಹವಳ ಬೇಡ, ಮೀನು ಮಾತ್ರ. ಕಲ್ಲು ಒಣ ಸೆರಾಮಿಕ್ ಕಲ್ಲು, ಮರಳು ಒಂದು ಇಂಚು.

ಉಪ್ಪುನೀರಿನ ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ. 2 ಪಿಪಿಎಂ (ಲೀಟರಿಗೆ 2 ಮಿ.ಗ್ರಾಂ.) ಅಮೋನಿಯಾ ಹಾಕಿದರೆ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುತ್ತಿವೆ. ನೈಟ್ರೇಟ್ 15.

ಮನಸ್ಸಿನಲ್ಲಿರುವ ಮೀನುಗಳು: ಆಸೆಲ್ಲಾರಿಸ್ ಕ್ಲೌನ್ ಜೋಡಿ, ಕ್ಲಾರ್ಕಿ ಕ್ಲೌನ್ ಜೋಡಿ, ಬ್ಲೂ-ಗ್ರೀನ್ ಕ್ರೋಮಿಸ್ 6, ಕಪ್ಪು ಪಟ್ಟೆಯ ಡ್ಯಾಮ್ಸೆಲ್ 3, ಸೇಲ್‌ಫಿನ್ ಟ್ಯಾಂಗ್, ಪೌಡರ್ ಬ್ಲೂ ಟ್ಯಾಂಗ್, ಬ್ಲೂ ಟ್ಯಾಂಗ್, ಎಂಪರರ್ ಏಂಜೆಲ್ ಮರಿ, ಕೋರಲ್ ಬ್ಯೂಟಿ, ಔರಿಗಾ ಬಟರ್‌ಫ್ಲೈ, ಸಿಕ್ಸ್‌ಲೈನ್ ರಾಸ್, ಕ್ಲೀನರ್ ರಾಸ್, ನೈಜರ್ ಟ್ರಿಗರ್, ಲಯನ್‌ಫಿಶ್, ಸಾಧ್ಯವಾದರೆ ಕಡಲಕುದುರೆ ಜೋಡಿ.

ಇದರಲ್ಲಿ ಯಾವುದನ್ನು ಕೈಬಿಡಬೇಕು? ಉಳಿದವನ್ನು ಯಾವ ಕ್ರಮದಲ್ಲಿ ಒಳಗೆ ಬಿಡಬೇಕು?

ಬಂಡೆಮೀನು

ಮೊದಲು ಕಾನೂನಿನ ಮಾತು. ಕಡಲಕುದುರೆ, ಪೈಪ್‌ಫಿಶ್ ಸೇರಿದಂತೆ ಆ ಇಡೀ ಕುಟುಂಬ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ (1972) ಮೊದಲನೇ ಅನುಸೂಚಿಯಲ್ಲಿದೆ. ಅಂಗಡಿಯವರು ಕೊಟ್ಟರೂ ತಗೋಬೇಡಿ, ಹುಲಿಗಿರುವ ರಕ್ಷಣೆಯೇ ಅದಕ್ಕೂ ಇದೆ. ಹವಳಗಳೂ ಅದೇ ಅನುಸೂಚಿಯಲ್ಲಿವೆ. ಹಾಗಾಗಿ ನೀವು ಸೆರಾಮಿಕ್ ಕಲ್ಲು ಹಾಕಿದ್ದು ಸರಿಯಾದ ಕೆಲಸ. ಕಾನೂನು ಬದಿಗಿಟ್ಟರೂ ಕಡಲಕುದುರೆ ಈ ಟ್ಯಾಂಕಿನಲ್ಲಿ ಉಳಿಯಲ್ಲ. ಅದು ತುತ್ತನ್ನು ನೋಡಿ, ಯೋಚಿಸಿ, ಹತ್ತಿರ ಹೋಗಿ ಹೀರುವಷ್ಟರಲ್ಲಿ ಟ್ಯಾಂಗ್‌ಗಳು ಊಟ ಮುಗಿಸಿರುತ್ತವೆ.

ಲಯನ್‌ಫಿಶ್ ಜಗಳಗಂಟಿ ಅಲ್ಲ. ಯಾರನ್ನೂ ಅಟ್ಟಿಸಿಕೊಂಡು ಹೋಗಲ್ಲ. ಆದರೆ ತನ್ನ ಉದ್ದದ ಅರ್ಧದಷ್ಟಿರುವ ಮೀನನ್ನೂ ನುಂಗಬಲ್ಲದು. 15 ಸೆಂ.ಮೀ. ಲಯನ್‌ಗೆ 6 ಸೆಂ.ಮೀ. ಕ್ರೋಮಿಸ್ ಅಥವಾ ಕ್ಲೌನ್ ಒಂದೇ ತುತ್ತು. ದೀಪ ಆರಿದ ಮೇಲೆ, ನಸುಕಿನಲ್ಲಿ ಬೇಟೆ ಆಡುತ್ತೆ, ಬೆಳಿಗ್ಗೆ ಎಣಿಸಿದಾಗ ಒಂದು ಕಡಿಮೆ ಇರುತ್ತೆ. ಇನ್ನೊಂದು ಕಡೆ ಟ್ರಿಗರ್ ಲಯನ್‌ನ ಉದ್ದ ರೆಕ್ಕೆಗಳನ್ನು ಕಚ್ಚಿ ಹರಿಯಬಹುದು. ಲಯನ್ ಬೇಕೇ ಬೇಕು ಅಂದರೆ ಅದಕ್ಕೊಂದು ಬೇರೆ ಟ್ಯಾಂಕ್ ಕಟ್ಟಿ. ಅದರ ಬೆನ್ನಿನ ಮುಳ್ಳು ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ (43 ಡಿಗ್ರಿ ಆಸುಪಾಸು, 45 ಮೀರದಂತೆ) ಕೈ ಅದ್ದಿಟ್ಟುಕೊಂಡು ಆಸ್ಪತ್ರೆಗೆ ಹೋಗಬೇಕು. ಐಸ್ ಇಡಬಾರದು, ಆ ವಿಷ ಶಾಖಕ್ಕೆ ಶಕ್ತಿ ಕಳೆದುಕೊಳ್ಳುವಂಥದ್ದು.

ಕಪ್ಪು ಪಟ್ಟೆಯ ಡ್ಯಾಮ್ಸೆಲ್ ಬೇಡವೇ ಬೇಡ. 3 ಸೆಂ.ಮೀ. ಇದ್ದಾಗ ಮುದ್ದಾಗಿ ಕಾಣುತ್ತೆ. ಆರು ತಿಂಗಳಲ್ಲಿ ಟ್ಯಾಂಕಿನ ಮೂರನೇ ಒಂದು ಭಾಗವನ್ನು ತನ್ನದು ಅಂತ ಹಿಡಿದುಕೊಂಡು, ತನಗಿಂತ ಐದು ಪಟ್ಟು ದೊಡ್ಡ ಮೀನನ್ನೂ ಕಚ್ಚಿ ಓಡಿಸುತ್ತೆ. ಆಮೇಲೆ ಅದನ್ನು ಹಿಡಿಯಬೇಕಾದರೆ ಕಲ್ಲೆಲ್ಲ ಹೊರಗೆ ತೆಗೆಯಬೇಕು.

ಸ್ಕಿಮ್ಮರ್‌ಕಪ್

ಮೇಲಿನದಕ್ಕೆ ನನ್ನದೂ ಒಪ್ಪಿಗೆ. ಕ್ಲೌನ್ ಎರಡು ಜಾತಿ ಬೇಡ. ಕ್ಲಾರ್ಕಿ ದೊಡ್ಡದು, 13-14 ಸೆಂ.ಮೀ. ಬೆಳೆಯುತ್ತೆ, ಮೊಟ್ಟೆ ಇಡಲು ಶುರು ಮಾಡಿದರೆ ಆಸೆಲ್ಲಾರಿಸ್ ಜೋಡಿಯನ್ನು ಮೂಲೆಗೆ ಒತ್ತುತ್ತೆ. ಒಂದೇ ಜೋಡಿ ಇಡಿ, ಆಸೆಲ್ಲಾರಿಸ್.

ಜೋಡಿ ಅಂತ ಅಂಗಡಿಯಲ್ಲಿ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. ಕ್ಲೌನ್‌ಗಳೆಲ್ಲ ಮೊದಲು ಗಂಡು, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತೆ. ಒಂದು 3 ಸೆಂ.ಮೀ., ಇನ್ನೊಂದು 5 ಸೆಂ.ಮೀ. ಇರುವ ಎರಡು ಮರಿ ತಂದರೆ ಸಾಕು. ಚಿಕ್ಕದು ದೊಡ್ಡದರ ಮುಂದೆ ಮಗ್ಗುಲಾಗಿ ಮೈ ನಡುಗಿಸಿದರೆ ಅದು ಶರಣಾಗತಿ, ಜೋಡಿ ಕುದುರಿತು ಅಂತ ಅರ್ಥ. ಎರಡೂ ದೊಡ್ಡ ಹೆಣ್ಣಾಗಿದ್ದರೆ ಕಚ್ಚಾಡಿ ಒಂದು ಸಾಯುತ್ತೆ. ಸಾಕಿ ಬೆಳೆಸಿದ ಮರಿಯನ್ನೇ ಕೇಳಿ ತಗೊಳ್ಳಿ. ನಮ್ಮಲ್ಲೇ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮರಿ ಮಾಡಿಸುವ ವಿಧಾನ ರೂಪಿಸಿ ವರ್ಷಗಳೇ ಆದವು. ಸಾಕಿದ ಮರಿ ಮೊದಲ ದಿನದಿಂದಲೇ ಪೆಲೆಟ್ ತಿನ್ನುತ್ತೆ. ಕಡಲಲ್ಲಿ ಕ್ಲೌನ್ ಆಸರೆ ಪಡೆಯುವ ಅನೆಮೊನಿ ಬೇಕಾಗಿಲ್ಲ.

ಸಿಕ್ಸ್‌ಲೈನ್ 7-8 ಸೆಂ.ಮೀ.ಗೆ ನಿಲ್ಲುವ ಮೀನು, ಆದರೆ ತನ್ನ ನಂತರ ಬಂದ ಪ್ರತಿಯೊಂದು ಸಣ್ಣ ಮೀನಿನ ಬೆನ್ನು ಹತ್ತುತ್ತೆ. ಅದರ ಬದಲು ಹಳದಿ ರಾಸ್ (ಹ್ಯಾಲಿಕೋರೆಸ್ ಕ್ರೈಸಸ್) ಹಾಕಿ. 12 ಸೆಂ.ಮೀ., ಸಾಧು, ಕಲ್ಲಿನ ಮೇಲಿನ ಹುಳುಗಳನ್ನು ಹೆಕ್ಕುತ್ತೆ. ರಾತ್ರಿ ಮರಳಿನೊಳಗೆ ಹೂತುಕೊಂಡು ಮಲಗುವ ಜಾತಿ ಅದು, ನಿಮ್ಮ ಒಂದು ಇಂಚು ಮರಳು ಸಾಲದು. ಒಂದು ಮೂಲೆಯಲ್ಲಾದರೂ 5-6 ಸೆಂ.ಮೀ. ನುಣ್ಣನೆ ಮರಳು ಇರಲಿ. ಚೂಪು ಚೂರುಗಳಿರುವ ದಪ್ಪ ಜಲ್ಲಿಯಲ್ಲಿ ಹೂತುಕೊಳ್ಳಲು ಹೋಗಿ ಮೈ ತರಚಿಕೊಳ್ಳುತ್ತೆ.

ಕಡಲತೀರ_ಮಂಗಳೂರು

ಟ್ಯಾಂಗ್ ವಿಷಯಕ್ಕೆ ಬರುತ್ತೇನೆ. ಈ ಟ್ಯಾಂಕಿನ ಶಾಂತಿ ನಿಂತಿರುವುದು ಅದರ ಮೇಲೆಯೇ.

ಅಂತರ್ಜಾಲದಲ್ಲಿ ಸಿಗುವ ಹೊಂದಾಣಿಕೆ ಪಟ್ಟಿಯಲ್ಲಿ "ಟ್ಯಾಂಗ್ ಜೊತೆ ಟ್ಯಾಂಗ್: ಎಚ್ಚರಿಕೆ" ಎಂದಷ್ಟೇ ಇರುತ್ತದೆ. ಅದರಿಂದ ಪ್ರಯೋಜನವಿಲ್ಲ. ಟ್ಯಾಂಗ್ ಜಗಳವಾಡುವುದು ತನ್ನ ಹಾಗೇ ಕಾಣುವ, ತನ್ನ ಮೇವನ್ನೇ ಮೇಯುವ ಮೀನಿನ ಜೊತೆ. ಆದ್ದರಿಂದ ನೋಡಬೇಕಾದ್ದು ಮೈಯ ಆಕಾರ ಮತ್ತು ಬಾಯಿ. ಝೀಬ್ರಸೋಮಾ ಗುಂಪು ತಟ್ಟೆಯಂತೆ ಅಗಲ, ಮೂತಿ ಉದ್ದ, ಕಲ್ಲಿನ ಸಂದಿಯ ಪಾಚಿ ಕೀಳುತ್ತದೆ. ಅಕ್ಯಾಂಥುರಸ್ ಗುಂಪು ಮೊಟ್ಟೆಯಾಕಾರ, ಬಯಲಲ್ಲಿ ಈಜುತ್ತ ಮೇಯುತ್ತದೆ. ಟೀನೋಕೀಟಸ್ ಗುಂಪಿಗೆ ಬಾಚಣಿಗೆಯಂಥ ಹಲ್ಲು. ಕಲ್ಲು, ಗಾಜಿನ ಮೇಲಿನ ತೆಳು ಕಂದು ಪೊರೆಯನ್ನು ಗೀಚಿ ತಿನ್ನುತ್ತದೆ. ಗುಂಪಿಗೊಂದರಂತೆ ಮೂರು ಇಟ್ಟರೆ ಮೇವಿನ ಪೈಪೋಟಿ ತುಂಬ ಕಡಿಮೆಯಾಗುತ್ತದೆ. ಒಂದೇ ಗುಂಪಿನ ಎರಡು ಇಟ್ಟರೆ ಒಂದು ಇನ್ನೊಂದನ್ನು ಸುತ್ತಾಡಿಸಿ ಸುಸ್ತು ಮಾಡಿ ಕೊಲ್ಲುತ್ತದೆ.

ಇನ್ನು ಗಾತ್ರ. ಸೇಲ್‌ಫಿನ್ 40 ಸೆಂ.ಮೀ.ವರೆಗೆ ಬೆಳೆಯುವ ಮೀನು, ರೆಕ್ಕೆ ಬಿಚ್ಚಿದರೆ ಎತ್ತರವೂ ಅಷ್ಟೇ. ನಿಮ್ಮ ಟ್ಯಾಂಕಿನ ಅಗಲ 61 ಸೆಂ.ಮೀ. ಅದರಲ್ಲಿ ಕಲ್ಲು ಅರ್ಧ ಹಿಡಿದಿದ್ದರೆ ಸೇಲ್‌ಫಿನ್‌ಗೆ ತಿರುಗಲೂ ಜಾಗವಿರುವುದಿಲ್ಲ. ಬ್ಲೂ ಟ್ಯಾಂಗ್ ಅಂಗಡಿಯಲ್ಲಿ 4 ಸೆಂ.ಮೀ., ಬೆಳೆದಾಗ 30 ಸೆಂ.ಮೀ. ಹತ್ತಿರ. ಎರಡನ್ನೂ ಬಿಡಿ. ಝೀಬ್ರಸೋಮಾ ಬೇಕಿದ್ದರೆ 20 ಸೆಂ.ಮೀ.ಗೆ ನಿಲ್ಲುವ ಸ್ಕೋಪಾಸ್ ತನ್ನಿ. ಹಳದಿ ಟ್ಯಾಂಗ್ ಕೂಡ ಅಷ್ಟೇ ಗಾತ್ರ. ಆದರೆ ಅದು ಹೆಚ್ಚಾಗಿ ಬರುತ್ತಿದ್ದದ್ದು ಹವಾಯಿಯಿಂದ. ಅಲ್ಲಿ ನ್ಯಾಯಾಲಯದ ಆದೇಶದಿಂದ ಮಾರಾಟಕ್ಕಾಗಿ ಮೀನು ಹಿಡಿಯುವುದು ನಿಂತ ಮೇಲೆ ಬೆಲೆ ಮುಗಿಲಿಗೇರಿತು. ಜೊತೆಗೆ ಒಂದು ಕೋಲೆ ಟ್ಯಾಂಗ್ ಅಥವಾ ಅದೇ ಟೀನೋಕೀಟಸ್ ಗುಂಪಿನ ಇನ್ನೊಂದು.

ಪೌಡರ್ ಬ್ಲೂ ಅಕ್ಯಾಂಥುರಸ್ ಗುಂಪಿನದು, ನಮ್ಮ ಹಿಂದೂ ಮಹಾಸಾಗರದ್ದೇ ಮೀನು. ಲಕ್ಷದ್ವೀಪ, ಮಾಲ್ದೀವ್ಸ್, ಅಂಡಮಾನ್ ಕಡೆ ಹವಳ ದಿಬ್ಬಗಳ ಮೇಲೆ ಮೇಯುತ್ತದೆ. ಚೆಲುವು ಅಪಾರ, ಕೋಪವೂ ಹಾಗೆಯೇ, ಬಿಳಿಚುಕ್ಕೆ ರೋಗ (ಪರಾವಲಂಬಿಯಿಂದ ಬರುವಂಥದ್ದು) ಬಂದರೆ ಮೊದಲು ಬೀಳುವುದೂ ಅದೇ. ಇಡುವುದಾದರೆ ಟ್ಯಾಂಗ್‌ಗಳಲ್ಲಿ ಕೊನೆಯದಾಗಿ ಬಿಡಿ, ಅದರ ಮೇಲೆ ಇನ್ನೊಂದು ಟ್ಯಾಂಗ್ ಸೇರಿಸುವ ಯೋಚನೆಯೇ ಬೇಡ.

ಟ್ಯಾಂಗ್ ಹಿಡಿಯಲು ಬಲೆ ಬಳಸಬೇಡಿ. ಬಾಲದ ಬುಡದಲ್ಲಿರುವ ಚೂರಿಮುಳ್ಳು ಬಲೆಗೆ ಸಿಕ್ಕಿಕೊಂಡು ಕಿತ್ತುಬರುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ.

ಉಪ್ಪುನೀರು_ಮೈಸೂರು

ತುಂಬ ಉಪಕಾರ ಆಯ್ತು. ಲಯನ್, ಕಡಲಕುದುರೆ, ಡ್ಯಾಮ್ಸೆಲ್, ಕ್ಲಾರ್ಕಿ, ಸಿಕ್ಸ್‌ಲೈನ್, ಸೇಲ್‌ಫಿನ್, ಬ್ಲೂ ಟ್ಯಾಂಗ್ ಎಲ್ಲ ಹೊಡೆದು ಹಾಕಿದೆ. ಕ್ರೋಮಿಸ್ ಗುಂಪು ಇರಲಿಯೇ? ಎಂಪರರ್ ಬಗ್ಗೆ ಯಾರೂ ಹೇಳಲಿಲ್ಲ.

ಬಂಡೆಮೀನು

ಕ್ರೋಮಿಸ್ ಕಡಲಲ್ಲಿ ನೂರಾರು ಒಟ್ಟಿಗೆ ಇರುತ್ತವೆ, ಟ್ಯಾಂಕಿನಲ್ಲಿ ಆರು ಇದ್ದದ್ದು ಒಂದೊಂದಾಗಿ ಕಡಿಮೆಯಾಗಿ ಕೊನೆಗೆ ಒಂದೋ ಎರಡೋ ಉಳಿಯುತ್ತವೆ. ಕಾರಣ ಎರಡು. ಒಳಗೊಳಗೇ ದರ್ಜೆಯ ಜಗಳ, ಕೆಳಗಿನದಕ್ಕೆ ದಿನವೂ ಏಟು. ಇನ್ನೊಂದು ಯೂರೋನೀಮಾ ಅನ್ನುವ ಸೂಕ್ಷ್ಮಜೀವಿ. ಮಗ್ಗುಲಲ್ಲಿ ಕೆಂಪು ಹುಣ್ಣು ಕಾಣಿಸಿದರೆ ಎರಡು ಮೂರು ದಿನದಲ್ಲಿ ಮೀನು ಹೋಗುತ್ತೆ, ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿ ಅದನ್ನು ತಡೆಯಲ್ಲ.

ಗುಂಪಿನ ಮೀನು ಬೇಕು ಅಂದರೆ ಲೈರ್‌ಟೇಲ್ ಆಂಥಿಯಸ್ ನೋಡಿ. ಒಂದು ಗಂಡು, ನಾಲ್ಕು ಹೆಣ್ಣು. ಬರೀ ಹೆಣ್ಣು ತಂದರೂ ನಡೆಯುತ್ತೆ, ದೊಡ್ಡದು ತಾನಾಗಿ ಗಂಡಾಗುತ್ತೆ (ಕ್ಲೌನ್‌ಗೆ ತದ್ವಿರುದ್ಧ). ಎರಡು ಗಂಡು ಮಾತ್ರ ಬೇಡ. ಕಷ್ಟ ಊಟದಲ್ಲಿದೆ: ಇವು ದಿನವಿಡೀ ತೇಲುವ ಸಣ್ಣ ಆಹಾರ ತಿನ್ನುವ ಮೀನು, ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ಕೊಡಲೇಬೇಕು. ಬೆಳಿಗ್ಗೆ, ರಾತ್ರಿ ಮಾತ್ರ ಮನೆಯಲ್ಲಿರುವವರು ಮಧ್ಯಾಹ್ನಕ್ಕೆ ಆಟೋ ಫೀಡರ್‌ನಲ್ಲಿ 1 ಮಿ.ಮೀ. ಪೆಲೆಟ್ ಇಡಬೇಕು.

ದೊಡ್ಡಮೀನು_ದೊಡ್ಡನೀರು

ಎಂಪರರ್ ಇಡಬಹುದು ಅನ್ನೋದು ನನ್ನ ಅಭಿಪ್ರಾಯ. ಹವಳ ಇಲ್ಲದ ಟ್ಯಾಂಕ್, 700 ಲೀಟರ್ ನೀರು. ಮರಿಯನ್ನೇ ತರಬೇಕು, 8-10 ಸೆಂ.ಮೀ. ಇರುವಾಗ. ಕಡುನೀಲಿಯ ಮೇಲೆ ಬಿಳಿ ಸುತ್ತುಗಳಿರುವ ಹಂತ. ಆ ವಯಸ್ಸಿನದು ಪೆಲೆಟ್‌ಗೆ ಬೇಗ ಒಗ್ಗುತ್ತೆ. 20 ಸೆಂ.ಮೀ. ದಾಟಿದ ಕಾಡುಮೀನು ಒಗ್ಗೋದು ಕಷ್ಟ, ಒಗ್ಗಿದರೂ ಬಂದ ದಿನದಿಂದಲೇ ಯಜಮಾನಿಕೆ ಮಾಡುತ್ತೆ. ದೊಡ್ಡ ಏಂಜೆಲ್ ಒಂದೇ ಇರಬೇಕು. ಕೋರಲ್ ಬ್ಯೂಟಿ ಕುಳ್ಳ ಏಂಜೆಲ್, 10 ಸೆಂ.ಮೀ., ಅದು ಮೊದಲೇ ನೆಲೆಸಿದ್ದರೆ ಇವೆರಡಕ್ಕೂ ಸಾಮಾನ್ಯವಾಗಿ ಹೊಂದುತ್ತೆ. ಸ್ಪಂಜು ಸೇರಿಸಿದ ಏಂಜೆಲ್ ಆಹಾರ ವಾರಕ್ಕೆ ಮೂರು ದಿನ ಕೊಡಿ.

ಕಡಲತೀರ_ಮಂಗಳೂರು

ಇದನ್ನು ನಾನು ಒಪ್ಪುವುದಿಲ್ಲ. ಎಂಪರರ್ ಬೆಳೆದಾಗ 35-40 ಸೆಂ.ಮೀ. ಎರಡು ಅಡಿ ಅಗಲದ ಟ್ಯಾಂಕಿನಲ್ಲಿ ಅದು ಕಲ್ಲಿನ ಹಿಂದೆ ಸುತ್ತಿಬರುವುದೂ ಕಷ್ಟ. ಮರಿ ಇದ್ದಾಗ ಎಲ್ಲ ಚೆನ್ನ. ಬಣ್ಣ ತಿರುಗುವ ಹೊತ್ತಿಗೆ ಸ್ವಭಾವವೂ ತಿರುಗುತ್ತದೆ, ಆಗ ಹೊಡೆತ ತಿನ್ನುವುದು ಬಟರ್‌ಫ್ಲೈ. ಆಮೇಲೆ "ದೊಡ್ಡ ಟ್ಯಾಂಕಿಗೆ ವರ್ಗಾಯಿಸೋಣ" ಎಂಬ ಮಾತು ನಮ್ಮಲ್ಲಿ ನಡೆಯುವುದಿಲ್ಲ. 30 ಸೆಂ.ಮೀ. ಏಂಜೆಲ್ ತೆಗೆದುಕೊಳ್ಳುವಷ್ಟು ದೊಡ್ಡ ಉಪ್ಪುನೀರಿನ ಟ್ಯಾಂಕ್ ಇಟ್ಟವರು ಕರ್ನಾಟಕದಲ್ಲಿ ಎಷ್ಟು ಜನ ಸಿಗುತ್ತಾರೆ? ತಂದ ಮೀನಿಗೆ ಅದರ ಪೂರ್ತಿ ಆಯುಷ್ಯದ ಜಾಗ ಇಂದೇ ಇರಬೇಕು.

ದೊಡ್ಡಮೀನು_ದೊಡ್ಡನೀರು

ಅಗಲದ ಮಾತು ಸರಿ. 2 ಅಡಿ ಅಗಲ ಬಿಗಿ, 2.5 ಅಡಿ ಇದ್ದಿದ್ದರೆ ನನ್ನ ವಾದ ಗಟ್ಟಿ ಇರುತ್ತಿತ್ತು. ಆದರೆ ಅದೇ ಅಳತೆ ಹಿಡಿದರೆ ನೈಜರ್ ಟ್ರಿಗರ್ ಕೂಡ ದೊಡ್ಡದೇ. ಕಡಲಲ್ಲಿ 50 ಸೆಂ.ಮೀ. ಮುಟ್ಟುತ್ತೆ, ಟ್ಯಾಂಕಿನಲ್ಲಿ ನಿಧಾನಕ್ಕೆ 25-30. ಸ್ವಭಾವದಲ್ಲಿ ಮಾತ್ರ ಟ್ರಿಗರ್ ಕುಲದಲ್ಲಿ ಸೌಮ್ಯ, ತೇಲುವ ಆಹಾರ ತಿನ್ನುವ ಮೀನು. ಕ್ಲೌನ್ ಟ್ರಿಗರ್, ಪಿಕಾಸೋ ಟ್ರಿಗರ್ ಜೊತೆ ಹೋಲಿಸಬೇಡಿ, ಅವು ಗಾಜಿನ ಹೊರಗಿನ ಕೈಯನ್ನೂ ಕಚ್ಚಲು ಬರುತ್ತವೆ. ಎಂಪರರ್, ನೈಜರ್ ಎರಡರಲ್ಲಿ ಒಂದನ್ನು ಮಾತ್ರ ಇಡಬೇಕು ಅಂದರೆ ಈ ಟ್ಯಾಂಕಿಗೆ ನೈಜರ್. ಸೀಗಡಿ, ಏಡಿ, ಬಸವನಹುಳು ಅದರ ಪಾಲಿಗೆ ಊಟ, ಸ್ವಚ್ಛತೆಗೆ ಅಂತ ಅವನ್ನು ತರೋದು ದಂಡ. ಹೀಟರ್ ವೈರ್, ಪಂಪ್ ವೈರ್ ಸಂಪ್‌ನಲ್ಲೇ ಇರಲಿ, ಟ್ರಿಗರ್ ಹಲ್ಲಿಗೆ ಸಿಗಬಾರದು.

ಸ್ಕಿಮ್ಮರ್‌ಕಪ್

ಕ್ಲೀನರ್ ರಾಸ್ ಬಗ್ಗೆ. ಅದರ ಹೊಟ್ಟೆಪಾಡು ಬೇರೆ ಮೀನುಗಳ ಮೈಮೇಲಿನ ಪರಾವಲಂಬಿ, ಲೋಳೆ. ನಿಮ್ಮ ಟ್ಯಾಂಕಿನಲ್ಲಿ ಹತ್ತೋ ಹನ್ನೆರಡೋ ಮೀನು, ಅದಕ್ಕೆ ಅಷ್ಟು ಸಾಲದು. ಕೆಲವು ಫ್ರೋಜನ್ ಮೈಸಿಸ್ (ಸಣ್ಣ ಸೀಗಡಿಯಂಥ ಜೀವಿ) ತಿನ್ನಲು ಕಲಿಯುತ್ತವೆ, ಬಹಳಷ್ಟು ಸೊರಗಿ ಸಾಯುತ್ತವೆ. ಬಿಳಿಚುಕ್ಕೆಗೆ ಅದು ಔಷಧಿಯೂ ಅಲ್ಲ, ಆ ಪರಾವಲಂಬಿ ಚರ್ಮದ ಒಳಗಿರುತ್ತೆ. ಇನ್ನೂ ಒಂದು ಮೋಸ ಇದೆ. ಅದೇ ನೀಲಿ-ಕಪ್ಪು ಪಟ್ಟೆಯ ವೇಷದ ಬ್ಲೆನಿ ಒಂದಿದೆ, ಹತ್ತಿರ ಹೋಗಿ ರೆಕ್ಕೆಯ ತುಂಡು ಕಚ್ಚಿಕೊಂಡು ಓಡುತ್ತೆ. ಬಾಯಿ ಮೂತಿಯ ತುದಿಯಲ್ಲಿದ್ದರೆ ರಾಸ್, ಮೂತಿಯ ಕೆಳಗೆ ಒಳಗಿದ್ದರೆ ಬ್ಲೆನಿ.

ಔರಿಗಾ ಬಟರ್‌ಫ್ಲೈ ಒಳ್ಳೆ ಆಯ್ಕೆ. ಹವಳವನ್ನೇ ತಿಂದು ಬದುಕುವ ಬಟರ್‌ಫ್ಲೈಗಳ ಹಾಗಲ್ಲ, ಮೈಸಿಸ್, ಕೊಚ್ಚಿದ ಸೀಗಡಿ, ಮರುವಾಯಿ ಎಲ್ಲ ತಿನ್ನುತ್ತೆ. ನಾಚಿಕೆ ಸ್ವಭಾವ, ಹಾಗಾಗಿ ಟ್ಯಾಂಗ್‌ಗಿಂತ ಮೊದಲೇ ಹೋಗಬೇಕು. ಅಂಗಡಿಯಲ್ಲಿ ಕಣ್ಣೆದುರೇ ತಿನ್ನಿಸಿ ನೋಡದೆ ದುಡ್ಡು ಕೊಡಬೇಡಿ. ಮೇಲಿನಿಂದ ನೋಡಿದಾಗ ತಲೆಯ ಹಿಂದೆ ಬೆನ್ನು ಕುಗ್ಗಿದ್ದರೆ, ಹೊಟ್ಟೆ ಒಳಗೆ ಹೋಗಿದ್ದರೆ ಬೇಡ. ಸಯನೈಡ್ ಹಾಕಿ ಹಿಡಿದ ಮೀನು ಕೆಲವೊಮ್ಮೆ ಚೆನ್ನಾಗಿ ತಿನ್ನುತ್ತಲೇ ಎರಡು ಮೂರು ವಾರದಲ್ಲಿ ಕ್ಷೀಣಿಸುತ್ತೆ, ಅದಕ್ಕೇ ಅಂಗಡಿಯಲ್ಲಿ ಕನಿಷ್ಠ ಹತ್ತು ದಿನ ಇದ್ದ ಮೀನನ್ನೇ ಕೇಳಿ.

ಉಪ್ಪುನೀರು_ಮೈಸೂರು

ಎಂಪರರ್, ಕ್ಲೀನರ್ ರಾಸ್, ಕ್ರೋಮಿಸ್ ಬಿಟ್ಟೆ. ಹಾಗಾದರೆ ಕ್ವಾರಂಟೈನ್ ಬೇರೆ ಟ್ಯಾಂಕಿನಲ್ಲಿ ಮಾಡಲೇಬೇಕಾ? ನೇರವಾಗಿ ದೊಡ್ಡ ಟ್ಯಾಂಕಿಗೆ ಬಿಟ್ಟು, ರೋಗ ಬಂದರೆ ಅಲ್ಲೇ ಔಷಧಿ ಹಾಕಬಹುದು ಅಂತ ಅಂಗಡಿಯವರು ಹೇಳಿದರು.

ತಾಮ್ರದ_ಲೆಕ್ಕ

ಮಾಡಲೇಬೇಕು. ಜಗಳಕ್ಕೂ ರೋಗಕ್ಕೂ ನೇರ ನಂಟಿದೆ: ಏಟು ತಿಂದ ಮೀನಿನ ರೋಗನಿರೋಧಕ ಶಕ್ತಿ ಕುಸಿಯುತ್ತದೆ, ಬಿಳಿಚುಕ್ಕೆ ಮೊದಲು ಹಿಡಿಯುವುದು ಅದನ್ನೇ. ದೊಡ್ಡ ಟ್ಯಾಂಕಿಗೆ ತಾಮ್ರ ಹಾಕಿದರೆ ಕಲ್ಲು ಮತ್ತು ಮರಳು ಅದನ್ನು ಹೀರಿಕೊಳ್ಳುತ್ತವೆ. ಇಂದು 2.25 ಪಿಪಿಎಂ ಇದ್ದದ್ದು ನಾಳೆ 1.2. ಅಷ್ಟಕ್ಕೆ ಪರಾವಲಂಬಿ ಸಾಯುವುದಿಲ್ಲ, ಮೀನಿಗೆ ಮಾತ್ರ ಹಿಂಸೆ.

100 ಲೀಟರಿನ ಖಾಲಿ ಗಾಜಿನ ಟ್ಯಾಂಕ್ ಸಾಕು, ಟ್ಯಾಂಗ್‌ಗಳಿಗೆ 150 ಆದರೆ ಒಳ್ಳೆಯದು. ಮರಳು, ಕಲ್ಲು ಬೇಡ. 3-4 ಇಂಚಿನ ಪಿವಿಸಿ ಎಲ್ಬೋ, ಟೀ ತುಂಡುಗಳನ್ನು ಮೀನಿಗೊಂದರಂತೆ ಅಡಗಲು ಹಾಕಿ. ಸ್ಪಂಜ್ ಫಿಲ್ಟರನ್ನು ಈಗಲೇ ದೊಡ್ಡ ಟ್ಯಾಂಕಿನ ಸಂಪ್‌ನಲ್ಲಿ ನಾಲ್ಕು ವಾರ ಇಟ್ಟು ಬ್ಯಾಕ್ಟೀರಿಯಾ ಕಟ್ಟಿಸಿ. ಒಂದು ಹೀಟರ್, ಒಂದು ಏರ್‌ಸ್ಟೋನ್, ಮೇಲೆ ಮುಚ್ಚಳ.

ತಾಮ್ರ ಎರಡು ಬಗೆ. ಕೀಲೇಟೆಡ್ (ಬೇರೆ ಅಣುವಿಗೆ ಕಟ್ಟಿಟ್ಟ) ತಾಮ್ರದ ಗುರಿ 2.0ರಿಂದ 2.5 ಪಿಪಿಎಂ. ಅಯಾನಿಕ್ (ಹಾಗೆ ಕಟ್ಟಿಡದ) ತಾಮ್ರದ ಗುರಿ 0.5. ಕೀಲೇಟೆಡ್‌ನ ಅಳತೆಯನ್ನು ಅಯಾನಿಕ್‌ಗೆ ಹಾಕಿದರೆ ಎಲ್ಲ ಮೀನೂ ಸಾಯುತ್ತವೆ, ಬಾಟಲಿ ಎರಡು ಸಲ ಓದಿ. ಹೊಸಬರಿಗೆ ಕೀಲೇಟೆಡ್ ಕ್ಷೇಮ. ಮೀನು ಬಂದು ತಿನ್ನಲು ಶುರು ಮಾಡಿದ ಮೇಲೆ ಮೊದಲ ದಿನ 1.0, ಎರಡನೇ ದಿನ 1.5, ಮೂರನೇ ದಿನ 2.0, ನಾಲ್ಕನೇ ದಿನ 2.25. ಕೋರಲ್ ಬ್ಯೂಟಿಯಂಥ ಕುಳ್ಳ ಏಂಜೆಲ್ ತಾಮ್ರಕ್ಕೆ ನಾಜೂಕು, ಅದಕ್ಕೆ ಆರೇಳು ದಿನದಲ್ಲಿ ಏರಿಸಿ. ತಿನ್ನುವುದು ನಿಲ್ಲಿಸಿದರೆ ಏರಿಸುವುದನ್ನೂ ನಿಲ್ಲಿಸಿ, ಮತ್ತೆ ತಿಂದ ಮೇಲೆ ಮುಂದುವರಿಸಿ. ಬಣ್ಣ ಹೋಲಿಸುವ ಕಿಟ್‌ನಲ್ಲಿ 1.5ಕ್ಕೂ 2ಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಡಿಜಿಟಲ್ ಕಾಪರ್ ಚೆಕ್ಕರ್ ತರಿಸಿ. ನೀರು ಬದಲಿಸುವಾಗ ಹೊಸ ಉಪ್ಪುನೀರಿಗೂ ಅಷ್ಟೇ ತಾಮ್ರ ಬೆರೆಸಿ ಹಾಕಿ. ತಾಮ್ರ ಇರುವಾಗ ಅಮೋನಿಯಾ ಕಟ್ಟುವ ವಾಟರ್ ಕಂಡೀಷನರ್ ಹಾಕಲೇಬಾರದು, ತಾಮ್ರದ ವಿಷ ಹೆಚ್ಚುತ್ತದೆ. ಕಾರ್ಬನ್ ಕೂಡ ತೆಗೆದಿಡಿ, ಅದು ತಾಮ್ರವನ್ನು ಹೀರುತ್ತದೆ.

ಪೂರ್ತಿ ಮಟ್ಟದಲ್ಲಿ 14 ದಿನ ಕಳೆದ ಮೇಲೆ ಮೀನನ್ನು ಇನ್ನೊಂದು ಶುದ್ಧ ಟ್ಯಾಂಕಿಗೆ ದಾಟಿಸಬಹುದು. ಎರಡನೇ ಟ್ಯಾಂಕ್ ಇಲ್ಲದಿದ್ದರೆ ಅದೇ ತಾಮ್ರದಲ್ಲಿ 30 ದಿನ. ಆಮೇಲೆ ಚರ್ಮದ ಹುಳುವಿಗೆ ಪ್ರಾಜಿಕ್ವಾಂಟೆಲ್: ಲೀಟರಿಗೆ 2.5 ಮಿ.ಗ್ರಾಂ., ಅಂದರೆ 100 ಲೀಟರಿಗೆ 250 ಮಿ.ಗ್ರಾಂ. ಮೊಟ್ಟೆ ಸಾಯುವುದಿಲ್ಲ, ಆದ್ದರಿಂದ 6-7 ದಿನ ಬಿಟ್ಟು ಮತ್ತೊಮ್ಮೆ. ಆ ಔಷಧಿ ಹಾಕಿದಾಗ ಆಮ್ಲಜನಕ ಇಳಿಯುತ್ತದೆ, ಏರ್‌ಸ್ಟೋನ್ ಜೋರಾಗಿರಲಿ.

ಹುಳು ಇದೆಯೋ ಇಲ್ಲವೋ ನೋಡಬೇಕಿದ್ದರೆ ಸಿಹಿನೀರಿನ ಸ್ನಾನ ಮಾಡಿಸಿ. ಬಕೆಟ್‌ನಲ್ಲಿ ಕ್ಲೋರಿನ್ ಇಲ್ಲದ ಆರ್‌ಒ ನೀರು, ಟ್ಯಾಂಕಿನದೇ ಉಷ್ಣತೆ, ಅಡುಗೆ ಸೋಡಾ ಹಾಕಿ ಪಿಎಚ್ 8.2, ಏರ್‌ಸ್ಟೋನ್. ಮೀನನ್ನು 5 ನಿಮಿಷ ಬಿಡಿ, ಪಕ್ಕದಲ್ಲೇ ನಿಂತಿರಿ. ಮೈಮೇಲೆ ಪಾರದರ್ಶಕವಾಗಿ ಅಂಟಿಕೊಂಡು ಕಣ್ಣಿಗೆ ಕಾಣದಿದ್ದ 2-4 ಮಿ.ಮೀ. ಹುಳು ಸಿಹಿನೀರು ತಾಗಿದೊಡನೆ ಬೆಳ್ಳಗಾಗಿ, ಎಳ್ಳುಕಾಳಿನಂತೆ ಬಕೆಟ್‌ನ ತಳಕ್ಕೆ ಉದುರುತ್ತದೆ. ಕಪ್ಪು ಬಕೆಟ್ ಆದರೆ ಎಣಿಸಲೂ ಬಹುದು. ಮೀನು ಒಂದು ನಿಮಿಷ ಮಗ್ಗುಲಾಗಿ ಮಲಗುವುದು ಸಹಜ. ಉಸಿರಾಟ ನಿಲ್ಲುವಂತೆ ಕಂಡರೆ ಕೂಡಲೇ ಉಪ್ಪುನೀರಿಗೆ ವಾಪಸ್ ಹಾಕಿ.

ಕ್ವಾರಂಟೈನ್ ಟ್ಯಾಂಕ್ ದೊಡ್ಡ ಟ್ಯಾಂಕಿಗೆ 3 ಮೀಟರ್‌ಗಿಂತ ದೂರ ಇರಲಿ. ವೆಲ್ವೆಟ್ ಎಂಬ ಇನ್ನೊಂದು ಪರಾವಲಂಬಿ ರೋಗದ ಮರಿಜೀವಿ ಗುಳ್ಳೆ ಒಡೆದು ಹಾರುವ ತುಂತುರಿನಲ್ಲೂ ದಾಟುತ್ತದೆ. ಬಲೆ, ಮಗ್, ಟವೆಲ್ ಎರಡಕ್ಕೂ ಬೇರೆ ಬೇರೆ.

ಹೀಗೆ ಮಾಡದೆ ಬಿಳಿಚುಕ್ಕೆ ಒಮ್ಮೆ ದೊಡ್ಡ ಟ್ಯಾಂಕಿಗೆ ಹೊಕ್ಕರೆ, ಎಲ್ಲ ಮೀನನ್ನೂ ಹೊರಗೆ ತೆಗೆದು ಟ್ಯಾಂಕನ್ನು 76 ದಿನ ಮೀನಿಲ್ಲದೆ ನಡೆಸುವುದೊಂದೇ ನಂಬಿಕಸ್ಥ ದಾರಿ.

ಬಂಡೆಮೀನು

ಇದನ್ನು ಸ್ಟಿಕಿ ಮಾಡಿ ವೇದಿಕೆಯ ಮೇಲ್ಭಾಗದಲ್ಲೇ ಉಳಿಸಬೇಕು. ಈಗ ಒಳಗೆ ಬಿಡುವ ದಿನದ ಮಾತು.

ಕಲ್ಲನ್ನು ಒಂದೇ ಗೋಡೆಯಂತೆ ಜೋಡಿಸಿದ್ದರೆ ಬಿಚ್ಚಿ ಎರಡು ದಿಬ್ಬ ಮಾಡಿ, ನಡುವೆ ಒಂದೂವರೆ ಅಡಿ ಖಾಲಿ ಬಿಡಿ. ಗೋಡೆ ಇದ್ದರೆ ಒಂದೇ ಮೀನು ಇಡೀ ಉದ್ದಕ್ಕೂ ಯಜಮಾನ. ಎರಡು ದಿಬ್ಬ ಇದ್ದರೆ ಓಡುವ ಮೀನು ಕಣ್ಣಿಂದ ಮರೆಯಾಗುತ್ತೆ, ಅಟ್ಟುವ ಮೀನು ಅಲ್ಲಿಗೇ ಬಿಡುತ್ತೆ. ಪ್ರತಿ ದಿಬ್ಬಕ್ಕೂ ಎರಡು ಬಾಯಿರುವ ಗುಹೆ ಬೇಕು. ಒಂದೇ ಬಾಯಿಯ ಗುಹೆ ಸಣ್ಣ ಮೀನಿಗೆ ಬಲೆ ಆಗುತ್ತೆ.

ತೂತು ಕೊರೆದ ಅಕ್ರಿಲಿಕ್ ಡಬ್ಬಿ (30x15x15 ಸೆಂ.ಮೀ. ಸಾಕು) ಟ್ಯಾಂಕಿನ ಒಳಗೆ ತೂಗುಹಾಕಿ, ಹೊಸ ಮೀನನ್ನು ಮೂರರಿಂದ ಐದು ದಿನ ಅದರಲ್ಲಿಡಿ. ಹಳೆಯವು ಬಂದು ಗುದ್ದಿ, ಬಾಲ ಬೀಸಿ ಸುಮ್ಮನಾಗುತ್ತವೆ. ಡಬ್ಬಿಯ ಹತ್ತಿರ ಯಾರೂ ಬಾರದ ದಿನ, ಸಂಜೆ ದೀಪ ಆರಿಸಿ ಬಿಡಿ. ಇನ್ನೂ ಗುದ್ದುತ್ತಿದ್ದರೆ ಟ್ಯಾಂಕಿನ ಇನ್ನೊಂದು ತುದಿಯ ಗಾಜಿಗೆ ಹೊರಗಿನಿಂದ ಕನ್ನಡಿ ಒರಗಿಸಿ. ಟ್ಯಾಂಗ್ ತನ್ನ ಪ್ರತಿಬಿಂಬದ ಜೊತೆ ಹೊಡೆದಾಡುವಾಗ ಹೊಸಬ ಊಟ ಕಲಿಯುತ್ತೆ. ಅದಕ್ಕೂ ಜಗ್ಗದಿದ್ದರೆ ಹೊಸ ಮೀನನ್ನಲ್ಲ, ಹೊಡೆಯುವ ಮೀನನ್ನು ಒಂದು ವಾರ ಡಬ್ಬಿಯಲ್ಲಿಡಿ.

ಅಟ್ಟಿಸಿಕೊಂಡು ಹೋಗುವುದು, ರೆಕ್ಕೆ ನಿಗುರಿಸುವುದು ಎರಡು ಮೂರು ದಿನ ಸಹಜ. ಹೊಸ ಮೀನು ಮೇಲಿನ ಮೂಲೆಯಲ್ಲಿ ನಿಂತು ಊಟಕ್ಕೂ ಕೆಳಗಿಳಿಯದಿದ್ದರೆ, ಮೈಮೇಲೆ ಗೀರು ಕಂಡರೆ, ಉಸಿರು ಮೇಲುಸಿರಾದರೆ ಕಾಯಬೇಡಿ, ಅದೇ ದಿನ ಬೇರೆ ಮಾಡಿ.

ಕಡಲತೀರ_ಮಂಗಳೂರು

ಕ್ರಮ ಹೀಗಿರಲಿ. ಮೊದಲ ಕಂತು ಕ್ಲೌನ್ ಜೋಡಿ ಮತ್ತು ಆಂಥಿಯಸ್ ಐದು. ಎರಡನೆಯದು ಔರಿಗಾ, ಹಳದಿ ರಾಸ್. ಮೂರನೆಯದು ಕೋರಲ್ ಬ್ಯೂಟಿ ಒಂದೇ (ತಾಮ್ರ ನಿಧಾನಕ್ಕೆ ಏರಿಸಬೇಕಾದ್ದರಿಂದ). ನಾಲ್ಕನೆಯದು ಸ್ಕೋಪಾಸ್, ಕೋಲೆ, ಪೌಡರ್ ಬ್ಲೂ. ಮೂರನ್ನೂ ಒಂದೇ ದಿನ ಬಿಡಬಹುದು, ಆಗ ಯಾರಿಗೂ ಜಾಗ ಮೊದಲೇ ಸಿಕ್ಕಿರುವುದಿಲ್ಲ; ಬೇರೆ ಬೇರೆ ಬಿಡುವುದಾದರೆ ಪೌಡರ್ ಬ್ಲೂ ಕಡೆಗೆ. ಪೌಡರ್ ಬ್ಲೂ ಉಳಿದೆರಡಕ್ಕಿಂತ ಚಿಕ್ಕದಿರಲಿ. ಕ್ವಾರಂಟೈನ್‌ನಲ್ಲಿ ಮೂರರ ನಡುವೆ ತೂತಿನ ಅಡ್ಡಗಾಜು ಹಾಕಿ. ಕೊನೆಗೆ ನೈಜರ್, 8-10 ಸೆಂ.ಮೀ.ದು. ಕಂತಿಗೆ ಐದಾರು ವಾರದಂತೆ ಒಟ್ಟು ಆರೇಳು ತಿಂಗಳ ಕೆಲಸ. ಪ್ರತಿ ಕಂತಿನ ನಂತರ ಒಂದು ವಾರ ಅಮೋನಿಯಾ ನೋಡುತ್ತಿರಿ, ಬ್ಯಾಕ್ಟೀರಿಯಾ ಹೊಸ ಹೊರೆಗೆ ತಕ್ಕಂತೆ ಬೆಳೆಯಲು ಸಮಯ ಬೇಕು.

ಟ್ಯಾಂಗ್ ಬಂದ ದಿನದಿಂದ ನೋರಿ (ಒಣಗಿಸಿದ ಕಡಲಪಾಚಿ) ಹಾಳೆ ಕ್ಲಿಪ್‌ಗೆ ಸಿಕ್ಕಿಸಿ, ಟ್ಯಾಂಕಿನ ಎರಡು ತುದಿಯಲ್ಲಿ ಎರಡು ಕ್ಲಿಪ್. ಉಪ್ಪು, ಎಣ್ಣೆ, ಮಸಾಲೆ ಹಚ್ಚದ ನೋರಿ. ಒಂದೇ ಕ್ಲಿಪ್ ಇಟ್ಟರೆ ಅದನ್ನು ಕಾಯುವುದೇ ಪೌಡರ್ ಬ್ಲೂನ ಕೆಲಸವಾಗುತ್ತದೆ. ಹಸಿದ ಟ್ಯಾಂಗ್‌ನಷ್ಟು ಜಗಳಗಂಟ ಬೇರೆ ಇಲ್ಲ.

ತಾಮ್ರದ_ಲೆಕ್ಕ

ಇಷ್ಟು ಮೀನಿಗೆ ವಾರಕ್ಕೆ ಶೇ. 10 ನೀರು ಬದಲಿಸಿ: 70 ಲೀಟರ್, ಲೀಟರಿಗೆ ಸುಮಾರು 37 ಗ್ರಾಂ. ಲೆಕ್ಕದಲ್ಲಿ 2.6 ಕೆ.ಜಿ. ಉಪ್ಪು. ಏಪ್ರಿಲ್, ಮೇ ತಿಂಗಳಲ್ಲಿ ಕರೆಂಟ್ ಹೋದಾಗ ಅಪಾಯ ಹೆಚ್ಚು. 28 ಡಿಗ್ರಿಯ ಉಪ್ಪುನೀರು ಲೀಟರಿಗೆ 6.4 ಮಿ.ಗ್ರಾಂ. ಆಸುಪಾಸು ಆಮ್ಲಜನಕವನ್ನಷ್ಟೇ ಹಿಡಿಯುತ್ತದೆ, ಅದೇ ಉಷ್ಣತೆಯ ಸಿಹಿನೀರಿನಲ್ಲಿ 7.8. ದೊಡ್ಡ ಟ್ಯಾಂಗ್, ಟ್ರಿಗರ್ ಮೊದಲು ಏದುಸಿರು ಬಿಡುತ್ತವೆ. ನೀರು ಕಲಕುವ ಒಂದು ವೇವ್‌ಮೇಕರನ್ನಾದರೂ ಮನೆಯ ಇನ್ವರ್ಟರ್‌ಗೆ ಕೊಟ್ಟಿಡಿ, ಬ್ಯಾಟರಿ ಏರ್‌ಪಂಪ್ ಎರಡು ಇರಲಿ. ಚಿಲ್ಲರ್ ಇನ್ವರ್ಟರ್ ಮೇಲೆ ಬೇಡ, ಬೇಗ ಬರಿದು ಮಾಡುತ್ತದೆ.

ಉಪ್ಪುನೀರು_ಮೈಸೂರು

ಎಲ್ಲ ಬರೆದುಕೊಂಡೆ. ಈ ವಾರವೇ ಕಲ್ಲು ಬಿಚ್ಚಿ ಎರಡು ದಿಬ್ಬ ಮಾಡಿ ಎಡಮೂಲೆಗೆ ಮರಳು ಸೇರಿಸುತ್ತೇನೆ, ಸ್ಪಂಜ್ ಫಿಲ್ಟರ್ ಸಂಪ್‌ಗೆ ಹಾಕುತ್ತೇನೆ. ಕೊನೆಯ ಪ್ರಶ್ನೆ: ಮೇಲೆ ಗಾಜಿನ ಮುಚ್ಚಳ ಹಾಕಿದರೆ ಸಾಕಾ?

ಸ್ಕಿಮ್ಮರ್‌ಕಪ್

ಗಾಜು ಬೇಡ, ಶಾಖ ಒಳಗೇ ಉಳಿದು ಚಿಲ್ಲರ್‌ಗೆ ಹೊರೆ, ಗಾಳಿಯೂ ಆಡಲ್ಲ. ಕಿಟಕಿಗೆ ಹಾಕುವ ಅಲ್ಯೂಮಿನಿಯಂ ಫ್ರೇಮಿಗೆ 6 ಮಿ.ಮೀ. ಕಣ್ಣಿನ ಪಾರದರ್ಶಕ ನೈಲಾನ್ ಜಾಲರಿ ಬಿಗಿದು ಮೇಲೆ ಕೂರಿಸಿ. ಕಬ್ಬಿಣದ ಜಾಲರಿ ಉಪ್ಪಿಗೆ ತುಕ್ಕು ಹಿಡಿದು ಟ್ಯಾಂಕಿಗೆ ಉದುರುತ್ತೆ. ಹಳದಿ ರಾಸ್ ಹೆದರಿದರೆ ನೇರ ಮೇಲಕ್ಕೆ ಜಿಗಿಯುತ್ತೆ, ಪೈಪ್ ಮತ್ತು ವೈರ್‌ಗೆ ಅಂತ ಕತ್ತರಿಸಿದ ಎರಡು ಬೆರಳಗಲದ ಮೂಲೆಯಲ್ಲೇ ಹೊರಗೆ ಹಾರಿದ ಉದಾಹರಣೆಗಳು ಬೇಕಾದಷ್ಟಿವೆ. ಆ ಮೂಲೆಗೆ ಸ್ಪಂಜು ತುರುಕಿ. ಓವರ್‌ಫ್ಲೋ ಡಬ್ಬಿಯ ಮೇಲೂ ಜಾಲರಿಯ ತುಂಡು ಹಾಕಿ, ಇಲ್ಲದಿದ್ದರೆ ಮೀನು ಕಾಣೆಯಾದಾಗ ಮೊದಲು ಹುಡುಕಬೇಕಾದ ಜಾಗ ಸಂಪ್‌ನ ಫಿಲ್ಟರ್ ಸಾಕ್ಸ್.